ತೊಟ್ಟಿಯ ಲೋಳೆಯೊಳಗೆ ವಾತಾಪಿ

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಮನೆಗೆ ಸುರಂಗದ ನೀರು. ಗುಡ್ಡದಿಂದ ಕಪ್ಪು ಪೈಪಿನಲ್ಲಿ ಇಳಿದು ಅಂಗಳದ ಸಿಮೆಂಟು ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಪಂಪಿನಲ್ಲಿ ತಾರಸಿಯ ಟ್ಯಾಂಕಿಗೆ ಹೋಗುತ್ತದೆ. ತೊಟ್ಟಿಯ ಗೋಡೆಯಲ್ಲಿ ಯಾವಾಗಲೂ ಲೋಳೆ. ಮೆದುಳು ತಿನ್ನುವ ಅಮೀಬದ ಸುದ್ದಿ ಕೇಳಿದ ಮೇಲೆ ಎರಡು ಸಲ ಬ್ಲೀಚಿಂಗ್ ಪೌಡರ್ ಹಾಕಿದೆ. ಹತ್ತು ದಿನದಲ್ಲಿ ಲೋಳೆ ತಿರುಗಿ ಬಂತು. ಕಾಲೇಜಿಗೆ ಹೋಗುವ ಮಗಳು, ಅಮೀಬ ಬ್ಯಾಕ್ಟೀರಿಯವನ್ನು ತಿನ್ನುತ್ತದೆ, ಹಾಗಾಗಿ ಅದು ಇರುವುದೇ ಒಳ್ಳೆಯದು ಅಂತಾಳೆ. ಹೌದಾ? ಲೋಳೆಯಲ್ಲಿ ಇವೆರಡೂ ಒಟ್ಟಿಗೆ ಇದ್ದರೆ ಏನಾಗುತ್ತದೆ? ತೊಟ್ಟಿಗೆ ಮೀನು ಬಿಟ್ಟರೆ ಪ್ರಯೋಜನ ಉಂಟಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಆದರೆ ಅರ್ಧ ಮಾತ್ರ ಸರಿ. ಉಳಿದ ಅರ್ಧವನ್ನು ಹೇಳಲಿಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ. ಒಂದು ಗ್ಲಾಸು ಚಾ ಇಟ್ಟುಕೊಂಡು ಓದಿ.

ಲೋಳೆಯಿಂದಲೇ ಶುರು ಮಾಡೋಣ. ನಾನೂ ಸುರಂಗದ ನೀರು ಕುಡಿದು ಬೆಳೆದವನೇ. ಪೆರ್ಲದ ಕಡೆ ಅಜ್ಜನ ಮನೆ. ಮುರಕಲ್ಲಿನ ಗುಡ್ಡ ಕೊರೆದು ಮಾಡಿದ ಸುರಂಗ, ಒಳಗೆ ಒಬ್ಬ ಹೋಗುವಷ್ಟೇ ಜಾಗ. ಆಗ ಪೈಪು ಇರಲಿಲ್ಲ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಅಂಗಳಕ್ಕೆ ಬರುತ್ತಿತ್ತು. ದಂಬೆಯೊಳಗೆ ಬೆರಳು ಆಡಿಸಿದರೆ ಬೆಂಡೆಕಾಯಿ ಕೊಯ್ದ ಕೈಯ ಹಾಗೆ ಜಾರುತ್ತಿತ್ತು. ಅಜ್ಜಿ ಆಗಾಗ ತೆಂಗಿನ ಸಿಪ್ಪೆ ಹಿಡಿದು ಅದನ್ನು ಗಸಗಸ ಉಜ್ಜುತ್ತಿದ್ದರು. ನೀರು ಕನ್ನಡಿಯ ಹಾಗಿದೆಯಲ್ಲ, ಯಾಕೆ ಉಜ್ಜುವುದು ಅಂತ ಕೇಳಿದರೆ, 'ನೀರಿಗೆ ಏನೂ ಆಗಲಿಲ್ಲ, ದಂಬೆಗೆ ಆಗಿದೆ' ಎನ್ನುತ್ತಿದ್ದರು. ಮೈಕ್ರೋಬಯಾಲಜಿ ಕಲಿಯಲು ನಾನು ಎಷ್ಟೋ ವರ್ಷ ಕಳೆದೆ. ಈ ವಿಷಯದಲ್ಲಿ ಅಜ್ಜಿ ಹೇಳಿದ್ದಕ್ಕಿಂತ ಜಾಸ್ತಿ ಏನನ್ನೂ ಕಲಿತಿಲ್ಲ ಅಂತ ಕೆಲವೊಮ್ಮೆ ಅನಿಸುತ್ತದೆ.

ಆ ಜಾರುವ ಪದರಕ್ಕೆ ವಿಜ್ಞಾನದವರು ಇಟ್ಟ ಹೆಸರು ಬಯೋಫಿಲ್ಮ್. ಬ್ಯಾಕ್ಟೀರಿಯಗಳು ಸುಮ್ನೆ ನೀರಲ್ಲಿ ತೇಲಿಕೊಂಡು ಇರುವುದು ಕಡಿಮೆ. ಒಂದು ಗೋಡೆ ಸಿಕ್ಕಿದರೆ ಸಾಕು, ಅಂಟಿಕೊಂಡು ಕೂರುತ್ತವೆ. ಕೂತ ಮೇಲೆ ಮೈಯಿಂದ ಅಂಟು ಸುರಿಸುತ್ತವೆ. ಆ ಅಂಟಿನಲ್ಲಿ ಸಕ್ಕರೆಯ ಸರಪಳಿಗಳು, ಪ್ರೋಟೀನು, ಸತ್ತ ಬಂಧುಗಳ ಡಿಎನ್‌ಎ ಎಲ್ಲ ಇರುತ್ತದೆ. ನಡುವೆ ನೀರು ಹರಿಯಲು ಸಣ್ಣ ಸಣ್ಣ ಕಾಲುವೆಗಳೂ ಇರುತ್ತವೆ. ನೀರಿನ ವ್ಯವಸ್ಥೆ ಯಾವುದೇ ಇರಲಿ, ಬ್ಯಾಕ್ಟೀರಿಯಗಳ ದೊಡ್ಡ ಪಾಲು ಇರುವುದು ಗೋಡೆಯ ಮೇಲೆ. ಹಾಗಾಗಿ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳಿಸಿ, ಎಲ್ಲ ಸರಿ ಇದೆ ಅಂತ ರಿಪೋರ್ಟು ಬಂದರೂ ಗೋಡೆಯ ಕಥೆ ಆ ಕಾಗದದಲ್ಲಿ ಇರುವುದಿಲ್ಲ.

ಲೋಳೆಯೊಳಗಿನ ಜೀವಿಗಳಿಗೆ ಔಷಧಿ ನಾಟುವುದು ಕಷ್ಟ ಅಂತ ಮೊದಲು ಕಂಡವನು ಹಾಲೆಂಡಿನ ಒಬ್ಬ ಬಟ್ಟೆ ವ್ಯಾಪಾರಿ, ಲೇವನ್‌ಹುಕ್. 1680ರ ದಶಕದಲ್ಲಿ ತನ್ನದೇ ಹಲ್ಲಿನ ಕೊಳೆಯನ್ನು ತಾನೇ ಮಾಡಿದ ಮಸೂರದ ಕೆಳಗಿಟ್ಟು ನೋಡಿದ. ಕೆರೆದು ತೆಗೆದ ಕೊಳೆಗೆ ವಿನೆಗರ್ ಸೇರಿಸಿದರೆ ಒಳಗಿನ ಪುಟ್ಟ ಜೀವಿಗಳು ಸತ್ತವು. ಹಲ್ಲಿನ ಮೇಲೆ ಇದ್ದ ಹಾಗೆಯೇ ವಿನೆಗರ್ ಮುಕ್ಕಳಿಸಿದರೆ ಮಾತ್ರ ಹೊರಗಿನವು ಸತ್ತು ಒಳಗಿನವು ಹಾಯಾಗಿ ಉಳಿದವು. ನಿಮ್ಮ ತೊಟ್ಟಿಗೆ ಹಾಕಿದ ಬ್ಲೀಚಿಂಗ್ ಪೌಡರಿನ ಕಥೆಯೂ ಹೆಚ್ಚುಕಮ್ಮಿ ಇದೇ. ಕ್ಲೋರಿನ್ ಅಂಟಿನ ಮೇಲ್ಪದರದ ಜೊತೆ ಜಗಳ ಮಾಡಿಯೇ ಮುಗಿದುಹೋಗುತ್ತದೆ. ತಳದವರೆಗೆ ಇಳಿಯುವುದಿಲ್ಲ.

ಈಗ ಅಮೀಬ. ಲೋಳೆ ಬ್ಯಾಕ್ಟೀರಿಯಗಳ ಕೇರಿಯಾದರೆ ಅಮೀಬ ಆ ಕೇರಿಯಲ್ಲಿ ಮೇಯುವ ದನ. ಗಾತ್ರದ ಅಂದಾಜು ಬೇಕಾ? ಬ್ಯಾಕ್ಟೀರಿಯ ಒಂದು ಸಾಸಿವೆ ಕಾಳಿನಷ್ಟು ಅಂತ ಇಟ್ಟುಕೊಳ್ಳಿ. ಆಗ ಅಮೀಬ ಸಿಪ್ಪೆಸಹಿತ ಹಣ್ಣಡಿಕೆಯಷ್ಟು ಇರುತ್ತದೆ.

ಪಾಠ ಮಾಡುತ್ತಿದ್ದಾಗ ಹುಡುಗರಿಗೆ ಪ್ರತಿ ವರ್ಷ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಬರೀ ಅಗರ್ (ಕಡಲ ಪಾಚಿಯಿಂದ ತೆಗೆದ ಜೆಲ್ಲಿ) ಹಾಕಿದ ಒಂದು ತಟ್ಟೆ, ಅದರಲ್ಲಿ ಪೋಷಕಾಂಶ ಏನೂ ಇಲ್ಲ. ಅದರ ಮೇಲೆ ಇ. ಕೊಲೈ ಬ್ಯಾಕ್ಟೀರಿಯವನ್ನು ದೋಸೆಗೆ ಎಣ್ಣೆ ಸವರಿದ ಹಾಗೆ ತೆಳ್ಳಗೆ ಸವರುವುದು. ನಡುವೆ ತೊಟ್ಟಿಯ ಲೋಳೆಯ ಒಂದು ಚೂರು ಇಡುವುದು. ಎರಡು ಮೂರು ದಿನ ಕಳೆದು ನೋಡಿದರೆ ಚೂರಿನಿಂದ ಹೊರಗೆ ದಾರಿಗಳು ಮೂಡಿರುತ್ತವೆ, ಬಿಳಿ ಹುಡಿ ಹರಡಿದ ನೆಲದಲ್ಲಿ ಇರುವೆ ಸಾಲು ನಡೆದ ಹಾಗೆ. ಅಮೀಬಗಳು ಬ್ಯಾಕ್ಟೀರಿಯ ತಿನ್ನುತ್ತಾ ಹೋದ ಜಾಡು ಅದು. ಜಾಡಿನ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಯುವವರೇ ಸಿಗುತ್ತಾರೆ. ನಮ್ಮ ಕಡೆಯ ನೀರಲ್ಲಿ ಹೆಚ್ಚಾಗಿ ಸಿಗುತ್ತಿದ್ದದ್ದು ಅಕಾಂತಮೀಬ. ಮೈ ತುಂಬ ಮುಳ್ಳಿನಂತಹ ಚೂಪು ತುದಿಗಳು. ಅಕಾಂತ ಅಂದರೆ ಗ್ರೀಕ್ ಭಾಷೆಯಲ್ಲಿ ಮುಳ್ಳು. ಹೊಟ್ಟೆಯೊಳಗೆ ಒಂದು ಗುಳ್ಳೆ ಮೆಲ್ಲಗೆ ಊದುತ್ತದೆ, ಫಕ್ಕನೆ ಕುಗ್ಗುತ್ತದೆ, ಪುನಃ ಊದುತ್ತದೆ. ಒಳಗೆ ಸೇರಿದ ಹೆಚ್ಚುವರಿ ನೀರನ್ನು ಹೊರಗೆ ಹಾಕುವ ಪಂಪು ಅದು. ನಿಮ್ಮ ಪಂಪು ಕೈಕೊಟ್ಟರೆ ಟ್ಯಾಂಕು ಖಾಲಿಯಾಗುತ್ತದೆ, ಅದರ ಪಂಪು ಕೈಕೊಟ್ಟರೆ ಅದೇ ಒಡೆದುಹೋಗುತ್ತದೆ.

ಈ ಮೇಯುವಿಕೆಯಿಂದ ಮನುಷ್ಯನಿಗೆ ಉಪಕಾರವಾಗಿದೆ. ನಿಮ್ಮ ಮಗಳ ಅರ್ಧ ಸರಿ ಇಲ್ಲಿದೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾಲರಾ ಬಂದು 8,000ಕ್ಕೂ ಜಾಸ್ತಿ ಜನ ಸತ್ತರು. ಆಗ ಅದಕ್ಕೆ ತಾಗಿಕೊಂಡೇ ಇದ್ದ ಊರು ಆಲ್ಟೋನ. ಎರಡೂ ಊರಿನವರು ಕುಡಿಯುತ್ತಿದ್ದದ್ದು ಒಂದೇ ಎಲ್ಬೆ ನದಿಯ ನೀರು. ಅಷ್ಟೇ ಅಲ್ಲ, ಆಲ್ಟೋನದವರು ನೀರು ಎತ್ತುತ್ತಿದ್ದದ್ದು ಹ್ಯಾಂಬರ್ಗಿನ ಗಲೀಜು ಸೇರುವ ಜಾಗಕ್ಕಿಂತ ಕೆಳಗಿನಿಂದ. ಆದರೂ ಆಲ್ಟೋನ ಬಹುಮಟ್ಟಿಗೆ ಪಾರಾಯಿತು. ಅವರು ನೀರನ್ನು ಮರಳಿನ ಮೂಲಕ ನಿಧಾನ ಸೋಸುತ್ತಿದ್ದರು, ಹ್ಯಾಂಬರ್ಗಿನವರು ಸೋಸುತ್ತಿರಲಿಲ್ಲ. ಆ ಮರಳಿನ ಮೇಲೆ ಕೆಲವೇ ದಿನಗಳಲ್ಲಿ ಒಂದು ಲೋಳೆಪದರ ಕಟ್ಟುತ್ತದೆ. ಸೋಸುವ ಕೆಲಸದ ದೊಡ್ಡ ಪಾಲು ಆ ಪದರದ್ದು. ಅದರಲ್ಲಿ ಕೂತ ಅಮೀಬ ಮತ್ತು ಅದರ ಜಾತಿಬಾಂಧವರು ಬಂದ ಬ್ಯಾಕ್ಟೀರಿಯಗಳನ್ನು ತಿಂದು ಮುಗಿಸುತ್ತಾರೆ. ಗದ್ದೆಯ ಮಣ್ಣಿನಲ್ಲೂ ಹೀಗೇ. ಅಮೀಬ ತಿಂದು ಬಿಟ್ಟ ಸಾರಜನಕ ಗಿಡದ ಬೇರಿಗೆ ಸಿಗುತ್ತದೆ. ಹಾಗಾಗಿ ಲೋಳೆ ಕಂಡ ಕೂಡಲೇ ಹೆದರಬೇಕಾಗಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ತಿಂದದ್ದೆಲ್ಲ ಜೀರ್ಣ ಆಗುವುದಿಲ್ಲ, ಅಲ್ಲಿ.

ವಾತಾಪಿಯ ಕಥೆ ನಿಮಗೆ ಗೊತ್ತೇ ಇದೆ. ಇಲ್ವಲ ತನ್ನ ತಮ್ಮ ವಾತಾಪಿಯನ್ನು ಆಡು ಮಾಡಿ, ಕೊಯ್ದು, ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಿದ್ದ. ಉಂಡಾದ ಮೇಲೆ 'ವಾತಾಪೀ, ಬಾ' ಅಂತ ಕರೆದರೆ ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಿದ್ದ. ಕೊನೆಗೆ ಅಗಸ್ತ್ಯ ಬಂದ, ಉಂಡ, ಹೊಟ್ಟೆ ನೀವಿಕೊಂಡು 'ವಾತಾಪಿ ಜೀರ್ಣೋ ಭವ' ಎಂದ. ಕಥೆ ಮುಗಿಯಿತು. ನಮ್ಮಲ್ಲಿ ಈಗಲೂ ಮಗುವಿಗೆ ಉಣಿಸಿದ ಮೇಲೆ ಹೊಟ್ಟೆ ಸವರಿ ಇದೇ ಮಾತು ಹೇಳುವುದುಂಟು. ಸಾಮಾನ್ಯ ಬ್ಯಾಕ್ಟೀರಿಯಗಳ ಪಾಲಿಗೆ ಅಮೀಬ ಅಗಸ್ತ್ಯನೇ. ನುಂಗಿದ್ದನ್ನು ಒಂದು ಪುಟ್ಟ ಚೀಲದಲ್ಲಿ ಕಟ್ಟುತ್ತದೆ, ಆ ಚೀಲಕ್ಕೆ ಜೀರ್ಣರಸದ ಚೀಲಗಳನ್ನು ಸೇರಿಸುತ್ತದೆ, ಕರಗಿಸುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಗಳು ಪಕ್ಕಾ ವಾತಾಪಿಗಳು. ಅವಕ್ಕೆ ಅಗಸ್ತ್ಯನ ಮಂತ್ರ ನಾಟುವುದಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವ ವಾತಾಪಿಯ ಹೆಸರು ಲೀಜಿಯೊನೆಲ್ಲ. 1976ರ ಜುಲೈಯಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಮಾಜಿ ಸೈನಿಕರ ಸಂಘ 'ಅಮೆರಿಕನ್ ಲೀಜನ್' ಒಂದು ಹೋಟೆಲಿನಲ್ಲಿ ಸಮಾವೇಶ ಮಾಡಿತು. ಬಂದವರು ಊರಿಗೆ ಮರಳಿದ ಮೇಲೆ ಒಬ್ಬೊಬ್ಬರಾಗಿ ನ್ಯುಮೋನಿಯದಲ್ಲಿ ಬಿದ್ದರು. 34 ಮಂದಿ ಸತ್ತರು. ತಿಂಗಳುಗಟ್ಟಲೆ ಕಾರಣ ಗೊತ್ತಾಗಲಿಲ್ಲ. ಕೊನೆಗೆ 1977ರ ಜನವರಿಯಲ್ಲಿ, ಇದು ಅದುವರೆಗೆ ಯಾರೂ ಹೆಸರಿಡದ ಒಂದು ಬ್ಯಾಕ್ಟೀರಿಯ ಅಂತ ಗೊತ್ತಾಯಿತು. ಸೈನಿಕರ ಸಂಘದ ಹೆಸರೇ ಅದಕ್ಕೆ ಅಂಟಿಕೊಂಡಿತು.

ಒಗಟು ಅಲ್ಲಿಗೆ ಮುಗಿಯಲಿಲ್ಲ. ಪ್ರಯೋಗಾಲಯದಲ್ಲಿ ಈ ಬ್ಯಾಕ್ಟೀರಿಯ ಮಹಾ ನಾಜೂಕಿನದು. ಕಬ್ಬಿಣ ಬೇಕು, ಸಿಸ್ಟೀನ್ ಎಂಬ ಅಮೈನೋ ಆಮ್ಲ ಬೇಕು, ಹದವಾದ ಹುಳಿ ಬೇಕು. ಮದುಮಗನ ಹಾಗೆ ಉಪಚಾರ ಮಾಡಿದರೆ ಮಾತ್ರ ಬೆಳೆಯುತ್ತದೆ. ಇಂತಹದ್ದು ಬರೀ ನೀರಿನಲ್ಲಿ ಹೇಗೆ ಇಷ್ಟು ಸುಖವಾಗಿತ್ತು? ಉತ್ತರ ಕೊಟ್ಟವನು ಇಂಗ್ಲೆಂಡಿನ ಲೀಡ್ಸ್ ಊರಿನ ತಿಮೋತಿ ರೋಬೋಥಮ್. 1980ರಲ್ಲಿ ಆತ, ಲೀಜಿಯೊನೆಲ್ಲ ಅಮೀಬದ ಹೊಟ್ಟೆಯೊಳಗೆ ಬೆಳೆಯುತ್ತದೆ ಅಂತ ತೋರಿಸಿದ. ನೀರು ಅದಕ್ಕೆ ಬರೀ ದಾರಿ. ಅನ್ನ, ವಸ್ತ್ರ, ವಸತಿ ಎಲ್ಲ ಅಮೀಬದ ಮನೆಯಲ್ಲಿ.

ಒಳಗೆ ನಡೆಯುವ ಕೆಲಸ ನೋಡಿದರೆ ಆಶ್ಚರ್ಯವಾಗುತ್ತದೆ. ಅಮೀಬ ನುಂಗುತ್ತದೆ. ಬ್ಯಾಕ್ಟೀರಿಯ ಚೀಲದಲ್ಲಿ ಬೀಳುತ್ತದೆ. ಬಿದ್ದ ಕೂಡಲೇ ಅದು ತನ್ನ ಮೈಯಲ್ಲಿರುವ ಇಂಜೆಕ್ಷನ್ ಸೂಜಿಯಂತಹ ಸಾಧನದಿಂದ ಅಮೀಬದ ದೇಹದೊಳಗೆ ಪ್ರೋಟೀನುಗಳನ್ನು ಚುಚ್ಚುತ್ತದೆ. ಒಂದೆರಡಲ್ಲ, 300ಕ್ಕಿಂತ ಜಾಸ್ತಿ ಬಗೆಯವು ಅದರ ಕೈಯಲ್ಲಿವೆ. ಅವುಗಳ ಕೆಲಸ ಒಳಗಿನ ಆಡಳಿತವನ್ನು ತಲೆಕೆಳಗು ಮಾಡುವುದು. ಜೀರ್ಣರಸದ ಚೀಲಗಳು ಬರುವ ದಾರಿ ತಪ್ಪುತ್ತವೆ. ಬದಲಿಗೆ ಅಮೀಬ ತನ್ನ ಸ್ವಂತ ಕೆಲಸಕ್ಕೆ ಕಳಿಸುತ್ತಿದ್ದ ಸಾಮಾನಿನ ಪೊಟ್ಟಣಗಳು ಬಂದು ಈ ಚೀಲದ ಸುತ್ತ ಕೂರುತ್ತವೆ. ಅಡುಗೆಮನೆಯ ಬೀಗದ ಕೈ ಕಳ್ಳನ ಸೊಂಟಕ್ಕೆ ಬಂತು ಅಂತ ಲೆಕ್ಕ. ಅಮೀಬದ ಪೋಷಕಾಂಶ ತಿಂದು ಬ್ಯಾಕ್ಟೀರಿಯ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಉಣ್ಣಲು ಏನೂ ಉಳಿಯದಾಗ ಈಜಲು ಬಾಲ ಬೆಳೆಸಿಕೊಳ್ಳುತ್ತದೆ, ಅಮೀಬವನ್ನು ಒಡೆದು ಹೊರಗೆ ಬರುತ್ತದೆ. ಇಲ್ವಲ ಕರೆಯಬೇಕಾಗಿಲ್ಲ, ಹಸಿವೇ ಕರೆಯುತ್ತದೆ.

ಇಲ್ಲಿ ಒಂದು ಮಾತು ನಿಮ್ಮ ಪೈಪಿಗೆ ಸಂಬಂಧಿಸಿದ್ದು. ಗೆಲ್ಲುವುದು ಅಗಸ್ತ್ಯನಾ ವಾತಾಪಿಯಾ ಅನ್ನುವುದನ್ನು ಬಹುಮಟ್ಟಿಗೆ ನೀರಿನ ಬಿಸಿ ತೀರ್ಮಾನಿಸುತ್ತದೆ. 20 ಡಿಗ್ರಿಗಿಂತ ತಣ್ಣಗಿದ್ದರೆ ಅಮೀಬ ಲೀಜಿಯೊನೆಲ್ಲವನ್ನು ಜೀರ್ಣ ಮಾಡಿಕೊಳ್ಳುತ್ತದೆ. 25 ದಾಟಿತು ಅಂದರೆ ಆಟ ತಿರುಗುತ್ತದೆ. 35ರ ಆಸುಪಾಸು ಬ್ಯಾಕ್ಟೀರಿಯಕ್ಕೆ ಹಬ್ಬ. ಸುರಂಗದೊಳಗೆ ನೀರು ತಂಪಾಗಿಯೇ ಇರುತ್ತದೆ. ಆದರೆ ಮಾರ್ಚ್ ಏಪ್ರಿಲಿನಲ್ಲಿ ಗುಡ್ಡದ ಮೇಲೆ ಬಿಸಿಲಿಗೆ ಬಿದ್ದ ಕಪ್ಪು ಪೈಪಿನಿಂದ ಮೊದಲು ಬರುವ ನೀರಿಗೆ ಕೈ ಹಿಡಿದು ನೋಡಿ. ತಾರಸಿಯ ಕಪ್ಪು ಟ್ಯಾಂಕು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಅಮೀಬದಿಂದ ಬ್ಯಾಕ್ಟೀರಿಯಕ್ಕೆ ಸಿಗುವುದು ಊಟ ಮಾತ್ರ ಅಲ್ಲ, ಕೋಟೆಯೂ ಸಿಗುತ್ತದೆ. ನೀರು ಒಣಗಿತು, ಕ್ಲೋರಿನ್ ಬಂತು ಅಂದರೆ ಅಕಾಂತಮೀಬ ಉರುಟಾಗಿ ಮುದುಡಿ ಎರಡು ಪದರದ ಚಿಪ್ಪು ಕಟ್ಟಿಕೊಳ್ಳುತ್ತದೆ. ಇದಕ್ಕೆ ಸಿಸ್ಟ್ ಅಂತಾರೆ. ಒಳಗಿನ ಪದರದಲ್ಲಿ ಇರುವುದು ಸೆಲ್ಯುಲೋಸ್, ಹತ್ತಿಯಲ್ಲಿ, ಮರದಲ್ಲಿ ಇರುವುದೇ. ತಂಪು ನೀರಿನಲ್ಲಿ ಇಟ್ಟ ಸಿಸ್ಟುಗಳು 24 ವರ್ಷಗಳ ನಂತರವೂ ಎದ್ದು ಓಡಾಡಿವೆ. ಈ ಚಿಪ್ಪಿನೊಳಗೆ ಸೇರಿಕೊಂಡ ಲೀಜಿಯೊನೆಲ್ಲ ಒಂದು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಹಾಕಿದರೂ ಬದುಕಿ ಉಳಿದದ್ದನ್ನು 1990ರಲ್ಲಿ ತೋರಿಸಿದ್ದಾರೆ. ನಮ್ಮ ನಲ್ಲಿ ನೀರಿನಲ್ಲಿ ಇರಬೇಕಾದದ್ದು ಎಷ್ಟು ಗೊತ್ತಾ? ಕನಿಷ್ಠ 0.2 ಮಿಲಿಗ್ರಾಂ.

ಹಾಗಾಗಿ ನಿಮ್ಮ ಹತ್ತು ದಿನದ ಲೆಕ್ಕದಲ್ಲಿ ನನಗೆ ಆಶ್ಚರ್ಯ ಇಲ್ಲ. ನಾನೂ ಅದೇ ತಪ್ಪು ಮಾಡಿದ್ದೇನೆ. ನಿವೃತ್ತಿಯಾಗಿ ಊರಿಗೆ ಬಂದ ಮೊದಲ ವರ್ಷ, ಪಾಠ ಮಾಡಿದವನೆಂಬ ಧೈರ್ಯದಲ್ಲಿ, ತೊಟ್ಟಿಗೆ ಅಳೆದು ತೂಗಿ ಬ್ಲೀಚಿಂಗ್ ಹಾಕಿದೆ. ಉಜ್ಜಲಿಲ್ಲ, ಸೊಂಟ ನೋವು. ಎರಡು ವಾರ ಕಳೆದು ಗೋಡೆಯಿಂದ ಒಂದು ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಒಂದು ಕಡೆ ಖಾಲಿ ಚಿಪ್ಪುಗಳು, ಇನ್ನೊಂದು ಕಡೆ ಅವುಗಳಿಂದ ಹೊರಬಂದು ಮೇಯುತ್ತಿರುವ ಅಮೀಬಗಳು. ನಾನು ಹಾಕಿದ ಬ್ಲೀಚಿಂಗಿನಲ್ಲಿ ಸತ್ತ ಬ್ಯಾಕ್ಟೀರಿಯಗಳೇ ಉಳಿದವಕ್ಕೆ ಗೊಬ್ಬರ ಆದದ್ದು.

ಅಮೀಬ ಬ್ಯಾಕ್ಟೀರಿಯವನ್ನು ಸಾಗಿಸುವುದೂ ಉಂಟು. ಜೀರ್ಣವಾಗದ್ದನ್ನು ಅದು ಪುಟ್ಟ ಪೊಟ್ಟಣ ಕಟ್ಟಿ ಹೊರಗೆ ಎಸೆಯುತ್ತದೆ. ಒಂದೊಂದು ಪೊಟ್ಟಣದಲ್ಲಿ ಜೀವಂತ ಲೀಜಿಯೊನೆಲ್ಲ ತುಂಬಿರಬಹುದು. ಕೆಲವು ಪೊಟ್ಟಣಗಳು ಎಷ್ಟು ಸಣ್ಣವು ಅಂದರೆ ಷವರಿನ ತುಂತುರಿನ ಜೊತೆ ಉಸಿರಾಟದಲ್ಲಿ ಶ್ವಾಸಕೋಶದ ಆಳಕ್ಕೆ ಹೋಗಬಲ್ಲವು. ಈ ಕಾಯಿಲೆ ಬರುವುದು ನೀರು ಕುಡಿದು ಅಲ್ಲ, ನೀರಿನ ತುಂತುರನ್ನು ಉಸಿರಾಡಿ. ದೊಡ್ಡ ಕಟ್ಟಡಗಳ ಎಸಿಯ ಕೂಲಿಂಗ್ ಟವರು, ಹೋಟೆಲಿನ ಷವರು, ಕಾರಂಜಿ ಇವೇ ಹೆಸರು ಕೆಡಿಸಿಕೊಂಡ ಜಾಗಗಳು. ಮನುಷ್ಯನಿಂದ ಮನುಷ್ಯನಿಗೆ ಸಾಮಾನ್ಯವಾಗಿ ಹರಡುವುದಿಲ್ಲ.

ಶ್ವಾಸಕೋಶಕ್ಕೆ ಹೋದ ಮೇಲೆ ಏನು? ಅಲ್ಲಿ ಕಸ ಗುಡಿಸುವ ಬಿಳಿ ರಕ್ತಕಣಗಳಿವೆ, ಮ್ಯಾಕ್ರೋಫೇಜ್ ಅಂತ. ಅವು ಕಾಣಲಿಕ್ಕೂ ಕೆಲಸದಲ್ಲೂ ಅಮೀಬದ ಹಾಗೆಯೇ. ತೆವಳುತ್ತವೆ, ನುಂಗುತ್ತವೆ, ಚೀಲದಲ್ಲಿ ಕರಗಿಸುತ್ತವೆ. ಲೀಜಿಯೊನೆಲ್ಲಕ್ಕೆ ಇದು ಹೊಸ ಮನೆಯೇ ಅಲ್ಲ. ಅಮೀಬದಲ್ಲಿ ಎಷ್ಟೋ ಕಾಲದಿಂದ ಕಲಿತ ಅದೇ ಬೀಗದ ಕೈ ಇಲ್ಲೂ ಸರಿಹೋಗುತ್ತದೆ. ಮನುಷ್ಯನಿಗೆ ರೋಗ ತರಬೇಕು ಅಂತ ಅದು ಹುಟ್ಟಿದ್ದಲ್ಲ, ನಾವು ಅದರ ಕಣ್ಣಿಗೆ ಬರೀ ದೊಡ್ಡ ಅಮೀಬಗಳ ಮೂಟೆ. ಅಮೀಬದೊಳಗೆ ಬೆಳೆದು ಬಂದ ಲೀಜಿಯೊನೆಲ್ಲ, ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದದ್ದಕ್ಕಿಂತ ಜೋರಾಗಿ ನಮ್ಮ ಕಣಗಳೊಳಗೆ ನುಗ್ಗುತ್ತದೆ ಅಂತಲೂ ಕಂಡಿದ್ದಾರೆ. ಔಷಧಿಯ ವಿಷಯದಲ್ಲೂ ಇದೇ ಕಥೆ. ಪೆನಿಸಿಲಿನ್ ಬಗೆಯವು ಈ ನ್ಯುಮೋನಿಯಕ್ಕೆ ಕೆಲಸ ಮಾಡುವುದಿಲ್ಲ, ಯಾಕೆಂದರೆ ಶತ್ರು ನಮ್ಮದೇ ಕಣದೊಳಗೆ ಕೂತಿರುತ್ತಾನೆ. ಒಳಗೆ ಹೋಗಬಲ್ಲ ಅಜಿಥ್ರೋಮೈಸಿನ್, ಲೆವೊಫ್ಲಾಕ್ಸಾಸಿನ್ ತರದವು ಬೇಕು. ಯಾವುದು ಬೇಕು ಅಂತ ತೀರ್ಮಾನಿಸುವುದು ಡಾಕ್ಟರು, ಮೆಡಿಕಲ್ ಶಾಪಿನವರಲ್ಲ.

ಒಂದು ಅಡ್ಡ ಮಾತು ಹೇಳದೆ ಇರಲಾಗುವುದಿಲ್ಲ. ಇದೇ ರೋಬೋಥಮ್ 1992ರಲ್ಲಿ ಬ್ರಾಡ್‌ಫರ್ಡ್ ಊರಿನ ಒಂದು ಕೂಲಿಂಗ್ ಟವರಿನ ಅಮೀಬದೊಳಗೆ ಇನ್ನೊಂದು ಜೀವಿ ಕಂಡ. ಬ್ಯಾಕ್ಟೀರಿಯ ಅಂದುಕೊಂಡು ಹೆಸರೂ ಇಟ್ಟ. ಎಷ್ಟು ಪರೀಕ್ಷೆ ಮಾಡಿದರೂ ಅದು ಬ್ಯಾಕ್ಟೀರಿಯದ ಲೆಕ್ಕಕ್ಕೆ ಸಿಗಲಿಲ್ಲ. 2003ರಲ್ಲಿ ಫ್ರಾನ್ಸಿನವರು ನೋಡಿದರೆ ಅದೊಂದು ವೈರಸ್! ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಾಣುವಷ್ಟು ದೊಡ್ಡ ವೈರಸ್. ಅದಕ್ಕೆ ಮಿಮಿವೈರಸ್ ಅಂತ ಹೆಸರು. ನ್ಯುಮೋನಿಯದ ಮೂಲ ಹುಡುಕಲು ಹೋದವರಿಗೆ ಸಿಕ್ಕಿದ್ದು ಇದು.

ಬೇರೆ ಬ್ಯಾಕ್ಟೀರಿಯಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕ್ಷಯರೋಗದ ದಾಯಾದಿ ಮೈಕೋಬ್ಯಾಕ್ಟೀರಿಯಂ ಏವಿಯಂ ಕೂಡ ಅಮೀಬದೊಳಗೆ ಬೆಳೆಯುತ್ತದೆ. ಕಾಲರಾ ಬ್ಯಾಕ್ಟೀರಿಯ ಅಮೀಬದೊಳಗೆ ಉಳಿಯಬಲ್ಲದು. ಅಷ್ಟೇ ಅಲ್ಲ, ಅದಕ್ಕೆ ಚುಚ್ಚುವ ಒಂದು ಈಟಿ ಉಂಟು ಅಂತ 2006ರಲ್ಲಿ ಗೊತ್ತಾದದ್ದೇ, ಅದು ಡಿಕ್ಟಿಯೋಸ್ಟೀಲಿಯಂ ಎಂಬ ಮಣ್ಣಿನ ಅಮೀಬವನ್ನು ಕೊಲ್ಲುವುದನ್ನು ನೋಡಿ. ಆಸ್ಪತ್ರೆಗಳಿಗೆ ತಲೆನೋವಾದ ಸ್ಯೂಡೋಮೋನಾಸ್‌ನದ್ದು ಇನ್ನೊಂದು ದಾರಿ. ಅದು ನುಂಗಿಸಿಕೊಳ್ಳಲಿಕ್ಕೇ ಒಪ್ಪುವುದಿಲ್ಲ. ಅಮೀಬ ಮೇಯಲು ಬಂದರೆ ಒತ್ತೊತ್ತಾಗಿ ಗುಪ್ಪೆ ಕಟ್ಟಿ ಅಂಟಿನೊಳಗೆ ಕೂರುತ್ತದೆ, ಬಾಯಿಗೆ ಹಿಡಿಯದಷ್ಟು ದೊಡ್ಡ ಗುಪ್ಪೆ. ಹತ್ತಿರ ಬಂದವರಿಗೆ ವಿಷವನ್ನೂ ಚುಚ್ಚುತ್ತದೆ. ಅಂದರೆ ಅಮೀಬದ ಕಾಟದಿಂದಲೇ ಕೆಲವು ಲೋಳೆಗಳು ಇನ್ನಷ್ಟು ಗಟ್ಟಿಯಾಗುತ್ತವೆ. ದನ ಮೇಯ್ದ ಜಾಗದಲ್ಲಿ ಮುಳ್ಳಿನ ಗಿಡಗಳೇ ಉಳಿಯುತ್ತವೆ ನೋಡಿ, ಹಾಗೆ.

ಇನ್ನು ನಿಮ್ಮ ನಿಜವಾದ ಹೆದರಿಕೆ, ಮೆದುಳು ತಿನ್ನುವ ಅಮೀಬ. ಹೆಸರುಗಳ ಗೊಂದಲವನ್ನು ಮೊದಲು ಬಿಡಿಸುತ್ತೇನೆ. ಆಮಶಂಕೆ ತರುವ ಅಮೀಬ ಬೇರೆ, ಅದು ಗಲೀಜು ನೀರು, ಆಹಾರದಿಂದ ಹೊಟ್ಟೆಗೆ ಹೋಗುತ್ತದೆ. ಅಕಾಂತಮೀಬ ಬೇರೆ, ಅದರ ಕಥೆ ಮೇಲೆ ಹೇಳಿದೆ. ಮೂರನೆಯದು ನೇಗ್ಲೇರಿಯ ಫೌಲೆರಿ. 1965ರಲ್ಲಿ ಆಸ್ಟ್ರೇಲಿಯದ ಫೌಲರ್ ಮತ್ತು ಕಾರ್ಟರ್ ಇದರ ಕಾಯಿಲೆಯನ್ನು ಮೊದಲು ವಿವರಿಸಿದರು. ಇದಕ್ಕೆ ಬಿಸಿ ಅಂದರೆ ಪ್ರೀತಿ, 46 ಡಿಗ್ರಿಯಲ್ಲೂ ಬೆಳೆಯುತ್ತದೆ. ಇದರ ಊಟವೂ ಲೋಳೆಯ ಬ್ಯಾಕ್ಟೀರಿಯವೇ. ದಕ್ಷಿಣ ಆಸ್ಟ್ರೇಲಿಯದಲ್ಲಿ ಕಾಯಿಲೆಗೆ ಕಾರಣವಾದದ್ದು ಬಿಸಿಲಿನಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿದ್ದ ನೀರಿನ ಪೈಪುಗಳು. ಒಳಗೆ ಬಿಸಿ ನೀರು, ಗೋಡೆಯಲ್ಲಿ ಲೋಳೆ, ತುದಿಗೆ ಬರುವಷ್ಟರಲ್ಲಿ ಕ್ಲೋರಿನ್ ಖಾಲಿ. ಇದು ಎಲ್ಲೋ ಕಂಡ ಹಾಗಿದೆ ಅಲ್ವಾ?

ಕುಡಿದರೆ ಇದು ಏನೂ ಮಾಡುವುದಿಲ್ಲ, ಹೊಟ್ಟೆಯ ಆಮ್ಲದಲ್ಲಿ ಸಾಯುತ್ತದೆ. ದಾರಿ ಒಂದೇ, ಮೂಗು. ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಗಳು ತೂತುಗಳಿರುವ ಒಂದು ಎಲುಬಿನ ಮೂಲಕ ಮೆದುಳಿಗೆ ಹೋಗುತ್ತವೆ. ಅದೇ ದಾರಿಯಲ್ಲಿ ಇದೂ ಹೋಗುತ್ತದೆ. ಕಾಯಿಲೆ ತೀರಾ ಅಪರೂಪ, ಬಂದರೆ ಉಳಿಯುವುದು ಇನ್ನೂ ಅಪರೂಪ. ಲೋಕದಲ್ಲಿ 100ಕ್ಕೆ 97 ಮಂದಿ ಸತ್ತಿದ್ದಾರೆ. ಕೇರಳದಲ್ಲಿ 2016ರಲ್ಲಿ ಆಲಪ್ಪುಳದಿಂದ ಸುದ್ದಿ ಬಂತು, 2024ರಿಂದ ಪ್ರಕರಣಗಳು ಜಾಸ್ತಿಯಾದವು. ಆದರೆ 2024ರಲ್ಲೇ ಕೋಳಿಕ್ಕೋಡ್ ಜಿಲ್ಲೆಯ 14 ವರ್ಷದ ಒಬ್ಬ ಹುಡುಗ ಬದುಕಿ ಮನೆಗೆ ಹೋದ. ಬೇಗ ಸಂಶಯಪಟ್ಟು ಬೇಗ ಔಷಧಿ ಶುರು ಮಾಡಿದ್ದು ಅವನನ್ನು ಉಳಿಸಿತು. ಹಾಗಾಗಿ ಕೆರೆಯಲ್ಲೋ ಮದಕದಲ್ಲೋ ಈಜಿದ ಮಗುವಿಗೆ ಹತ್ತು ಹನ್ನೆರಡು ದಿನದೊಳಗೆ ಜೋರು ಜ್ವರ, ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಬಂದರೆ, ಡಾಕ್ಟರು ಕೇಳುವ ಮೊದಲೇ 'ನೀರಿಗೆ ಇಳಿದಿದ್ದ' ಅಂತ ನೀವೇ ಹೇಳಿ.

ಜಲನೇತಿ ಮಾಡುವವರು ಒಂದು ಮಾತು ಕೇಳಿ. 2011ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ಇಬ್ಬರು ನೇತಿ ಪಾತ್ರೆಗೆ ನಲ್ಲಿ ನೀರು ಹಾಕಿ ಮೂಗು ತೊಳೆದು ಸತ್ತರು. ಕುದಿಸಿ ಆರಿಸಿದ ನೀರು ಮಾತ್ರ ಬಳಸಿ. ನಮಾಜಿಗೆ ಮುಂಚೆ ಮೂಗು ತೊಳೆಯುವವರೂ ತೊಟ್ಟಿಯ ನೀರನ್ನು ಜೋರಾಗಿ ಒಳಗೆ ಎಳೆಯದಿದ್ದರೆ ಒಳ್ಳೆಯದು.

ತೋಟದವರಿಗೆ ಇದಕ್ಕಿಂತ ಹತ್ತಿರದ ಅಪಾಯ ಕಣ್ಣಿನದು. ಅಕಾಂತಮೀಬ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಹತ್ತಬಹುದು. ಹೊರದೇಶಗಳಲ್ಲಿ ಇದು ಹೆಚ್ಚಾಗಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಾಯಿಲೆ. ಲೆನ್ಸ್ ಇಡುವ ಡಬ್ಬಿಯಲ್ಲಿ ಲೋಳೆ ಕಟ್ಟುತ್ತದೆ, ಅದರ ಬ್ಯಾಕ್ಟೀರಿಯ ತಿಂದು ಅಮೀಬ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಹೆಚ್ಚಿನವರು ಲೆನ್ಸನ್ನು ಕಂಡವರೇ ಅಲ್ಲ. ಕಣ್ಣಿಗೆ ಸೋಗೆಯ ತುದಿ ತಾಗಿತು, ಮಣ್ಣು ಬಿತ್ತು, ತೋಟದ ನೀರಿನಲ್ಲಿ ತೊಳೆದರು, ಇಷ್ಟೇ. ನಮ್ಮ ಸಂಬಂಧಿಕರೊಬ್ಬರಿಗೆ ಹೀಗೇ ಆಯಿತು. ಮೂರು ವಾರ ಬೇರೇನೋ ಸೋಂಕು ಅಂತ ಹನಿ ಹಾಕಿಸಿಕೊಂಡರು. ಕಣ್ಣು ನೋಡಲು ಅಷ್ಟೇನೂ ಕೆಟ್ಟಿರಲಿಲ್ಲ, ನೋವು ಮಾತ್ರ ರಾತ್ರಿ ನಿದ್ದೆ ಬಾರದಷ್ಟು. ಈ ಕಾಯಿಲೆಯ ಗುರುತೇ ಅದು, ಕಾಣುವುದಕ್ಕಿಂತ ಜಾಸ್ತಿ ನೋವು. ಕೊನೆಗೆ ಕೆರೆದು ತೆಗೆದು ಪರೀಕ್ಷೆ ಮಾಡಿದಾಗ ಸಿಸ್ಟುಗಳು ಸಿಕ್ಕವು. ಕಣ್ಣು ಉಳಿಯಿತು, ದೃಷ್ಟಿ ಮೊದಲಿನಷ್ಟಿಲ್ಲ. ಕೊಟ್ಟಿಗೆಯಲ್ಲೋ ಪಂಪಿನ ಶೆಡ್ಡಿನಲ್ಲೋ ಒಂದು ಬಾಟಲಿ ಕುದಿಸಿ ಆರಿಸಿದ ನೀರು ಇಟ್ಟುಕೊಳ್ಳಿ. ಆಗಾಗ ಬದಲಿಸಿ.

ಈಗ ನಿಮ್ಮ ತೊಟ್ಟಿ. ಕ್ರಮ ಮುಖ್ಯ. ಮೊದಲು ಉಜ್ಜುವುದು, ಆಮೇಲೆ ಬ್ಲೀಚಿಂಗ್. ನೀರು ಖಾಲಿ ಮಾಡಿ, ಗಟ್ಟಿ ಬ್ರಷ್ ಹಿಡಿದು ಮೂಲೆ, ತಳ, ಪೈಪಿನ ಬಾಯಿ ಎಲ್ಲ ಉಜ್ಜಿ. ತೆಂಗಿನ ಸಿಪ್ಪೆಯೂ ಆದೀತು. ಉಜ್ಜುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಪ್ರೆಶರ್ ಪಂಪಿನಿಂದ ಹೊಡೆದು ತುಂತುರು ಎಬ್ಬಿಸಬೇಡಿ. ಉಜ್ಜಿದ ಲೋಳೆಯನ್ನು ತೊಳೆದು ಹೊರಗೆ ಹಾಕಿದ ಮೇಲೆ ತೊಟ್ಟಿ ತುಂಬಿಸಿ, 1,000 ಲೀಟರಿಗೆ 150 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿ, ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 1 ಮೀಟರ್ ಆಳದ ತೊಟ್ಟಿ ಅಂದರೆ 3,000 ಲೀಟರ್, ಅದಕ್ಕೆ 450 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಸುರಿಯಿರಿ. ಒಂದು ದಿನ ಹಾಗೇ ಬಿಡಿ. ಆ ನೀರನ್ನು ಕುಡಿಯಬೇಡಿ, ತೋಡಿಗೂ ಬಿಡಬೇಡಿ, ಮೀನು ಸಾಯುತ್ತದೆ. ಬರೀ ನೆಲಕ್ಕೆ ಬಿಟ್ಟು, ತೊಟ್ಟಿ ತೊಳೆದು ಹೊಸ ನೀರು ತುಂಬಿಸಿ. ತಾರಸಿಯ ಟ್ಯಾಂಕಿಗೂ ಇದೇ ಕ್ರಮ.

ಆಗ 50 ಮಿಲಿಗ್ರಾಂ ಕ್ಲೋರಿನ್ನಿಗೂ ಬಗ್ಗದ್ದು ಉಂಟು ಅಂದಿರಲ್ಲ, ಈಗ ಅಷ್ಟೇ ಹಾಕಲು ಹೇಳುತ್ತೀರಲ್ಲ ಅಂತ ನಿಮ್ಮ ಮಗಳು ಖಂಡಿತ ಕೇಳುತ್ತಾಳೆ. ಸರಿಯಾದ ಪ್ರಶ್ನೆ. ಸಿಸ್ಟುಗಳು ಎಲ್ಲ ಸಾಯುವುದಿಲ್ಲ. ಆದರೆ ಉಜ್ಜಿದಾಗ ಅವುಗಳಲ್ಲಿ ಹೆಚ್ಚಿನವು ಲೋಳೆಯ ಜೊತೆ ಹೊರಗೆ ಹೋಗಿರುತ್ತವೆ. ಉಳಿದವು ಎದ್ದರೂ ಮೇಯಲು ಹುಲ್ಲು ಇರುವುದಿಲ್ಲ.

ದಿನನಿತ್ಯದ ಕುಡಿಯುವ ನೀರಿಗೆ, ಬಾವಿಗೆ ಇಷ್ಟೊಂದು ಬೇಡ. 1,000 ಲೀಟರಿಗೆ 2.5 ಗ್ರಾಂ ಸಾಕು, ಒಂದು ಗಂಟೆ ಬಿಟ್ಟು ಬಳಸಬಹುದು. ಪೊಟ್ಟಣ ಒಡೆದು ತಿಂಗಳಾದ ಪೌಡರ್ ಮಳೆಗಾಲದಲ್ಲಿ ಸತ್ತುಹೋಗಿರುತ್ತದೆ. ಘಾಟು ಬರದಿದ್ದರೆ ನೀವು ಹಾಕುತ್ತಿರುವುದು ಸುಣ್ಣ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಅಪ್ಪಿತಪ್ಪಿಯೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಅದೇ ಕಾರಣಕ್ಕೆ ಸುರಂಗದ ಒಳಗೆ ಹೋಗಿ ಬ್ಲೀಚಿಂಗ್ ಹಾಕುವ ಯೋಚನೆಯೂ ಬೇಡ. ಗಾಳಿ ಆಡದ ಜಾಗ. ಜೊತೆಗೆ ಅಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಹಾಕಿದ್ದು ನಿಲ್ಲುವುದೂ ಇಲ್ಲ.

ಪೈಪನ್ನು ಮಣ್ಣಿನಲ್ಲಿ ಒಂದು ಅಡಿ ಹೂತುಹಾಕಲು ಆಗುತ್ತದಾ ನೋಡಿ. ಆಗದಿದ್ದರೆ ಮೇಲೆ ಸೋಗೆ ಹೊದಿಸಿ. ಬೇಸಿಗೆಯಲ್ಲಿ ಮೊದಲು ಬರುವ ಬಿಸಿ ನೀರನ್ನು ತೋಟಕ್ಕೆ ಬಿಟ್ಟು ಆಮೇಲೆ ತೊಟ್ಟಿಗೆ ತಿರುಗಿಸಿ. ಸ್ನಾನಕ್ಕೆ ಗೀಸರ್ ಇದ್ದರೆ ಕರೆಂಟು ಉಳಿಸಲು 45 ಡಿಗ್ರಿಗೆ ಇಡಬೇಡಿ, ಅದು ಲೀಜಿಯೊನೆಲ್ಲ ತಡೆದುಕೊಳ್ಳುವ ಬಿಸಿ. 60ಕ್ಕೆ ಇಡಿ, ತಣ್ಣೀರು ಬೆರೆಸಿ ಮೀಯಿರಿ. ಬಚ್ಚಲಿನ ಹಂಡೆಗೆ ಇನ್ನೂ ಬೆಂಕಿ ಹಾಕುವ ಮನೆಯಾದರೆ ಈ ಸಾಲು ನಿಮಗಲ್ಲ. ಹಂಡೆಯ ಎದುರು ಯಾವ ವಾತಾಪಿಯ ಆಟವೂ ನಡೆಯುವುದಿಲ್ಲ.

ಮೀನಿನ ವಿಷಯ. ಗಪ್ಪಿ ಬಿಟ್ಟರೆ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ, ಅದಕ್ಕೆ ಒಳ್ಳೆಯದು. ಗೋಡೆಯ ಲೋಳೆಯನ್ನು ಅದು ಅಲ್ಲಲ್ಲಿ ಕೊಕ್ಕಿ ತಿಂದೀತು, ಬೇರು ಸಮೇತ ತೆಗೆಯುವುದಿಲ್ಲ. ಜೊತೆಗೆ ಮೀನಿನ ಹಿಕ್ಕೆ ಬ್ಯಾಕ್ಟೀರಿಯಕ್ಕೆ ಹೊಸ ಗೊಬ್ಬರ. ತೋಟಕ್ಕೆ ಬಿಡುವ ತೊಟ್ಟಿಯಲ್ಲಿ ಇರಲಿ, ಕುಡಿಯುವ ನೀರಿನದ್ದರಲ್ಲಿ ಬೇಡ. ಈಗಾಗಲೇ ಬಿಟ್ಟಿದ್ದರೆ ತೊಟ್ಟಿ ಉಜ್ಜುವ ದಿನ ಬೆಳಿಗ್ಗೆಯೇ ಬಕೆಟಿಗೆ ಹಿಡಿದು ನೆರಳಲ್ಲಿ ಇಡಿ. ಬ್ಲೀಚಿಂಗಿನ ವಾಸನೆ ಪೂರ್ತಿ ಹೋದ ಮೇಲೆಯೇ ವಾಪಸು ಬಿಡಿ.